ಮಗನಿಗೆ ರಗ್ಬಿ ಅಕಾಡೆಮಿಯಿಂದ ಕರೆ ಬಂದಿದೆ, ಸೈನ್ ಮಾಡಿಸೋದಾ ಬೇಡ್ವಾ?

ಪ್ರಶ್ನೆ: ಸರ್ ನಮಸ್ತೆ. ನಾವು ಶಿವಮೊಗ್ಗ ಕಡೆಯವರು, ವೇಲ್ಸ್‌ಗೆ ಬಂದು 11 ವರ್ಷ ಆಯ್ತು, ಕಾರ್ಡಿಫ್ ಹತ್ರ ಇದ್ದೀವಿ. ಯಜಮಾನ್ರು ಐಟಿ, ನಾನು ಲ್ಯಾಬ್ ಒಂದರಲ್ಲಿ ಕೆಲಸ ಮಾಡ್ತೀನಿ. ಮಗನಿಗೆ 17, ಎ ಲೆವೆಲ್ (ನಮ್ಮ ಪಿಯುಸಿ ತರ) ಮೊದಲನೇ ವರ್ಷ, ಬಯಾಲಜಿ ಕೆಮಿಸ್ಟ್ರಿ ಮ್ಯಾಥ್ಸ್. 12ನೇ ವಯಸ್ಸಿಂದ ರಗ್ಬಿ ಆಡ್ತಾನೆ, ಫ್ಲ್ಯಾಂಕರ್ ಅನ್ನೋ ಜಾಗದಲ್ಲಿ, 7ನೇ ನಂಬರ್ ಜೆರ್ಸಿ. ಈಗ ರೀಜನ್, ಅಂದ್ರೆ ಇಲ್ಲಿನ ಪ್ರೊಫೆಶನಲ್ ಟೀಮ್, ಅದರ ಅಕಾಡೆಮಿಯವರು ಕರೆದು, ಎ ಲೆವೆಲ್ ಮುಗಿದ್ಮೇಲೆ ಫುಲ್ ಟೈಮ್ ಕಾಂಟ್ರಾಕ್ಟ್ ಕೊಡ್ತೀವಿ ಅಂದಿದಾರೆ. ಎರಡು ವಾರದಿಂದ ಮನೇಲಿ ಬರೀ ಜಗಳ. ಡಾಕ್ಟರ್ ಆಗೋ ಹುಡುಗನ್ನ ಕುಸ್ತಿಗೆ ಕಳಿಸ್ತೀಯಾ ಅಂತಾರೆ ಯಜಮಾನ್ರು. ಊರಿಂದ ಮಾವನೋರು ಫೋನ್ ಮಾಡಿ, ತಲೆಗೆ ಪೆಟ್ಟು ಬಿದ್ರೆ ಮುಂದೆ ಮರೆವಿನ ಕಾಯಿಲೆ ಗ್ಯಾರಂಟಿ ಅಂತ ಹೆದರಿಸಿದಾರೆ. ಮಗ ಯಾರ ಜೊತೆನೂ ಮಾತಾಡ್ತಿಲ್ಲ. ನಮ್ಮ ಮಕ್ಕಳ ಮೈಕಟ್ಟು ಈ ಆಟಕ್ಕೆ ಆಗತ್ತಾ? ಇದ್ರಲ್ಲಿ ಎಷ್ಟು ವರ್ಷ ದುಡೀಬಹುದು? ಓದು ಬಿಡ್ಬೇಕಾ? ಇಂಡಿಯಾದಲ್ಲಿ ಹುಟ್ಟಿದವನು ವೇಲ್ಸ್ ಪರ ಆಡಬಹುದಾ? ಕ್ಲಬ್‌ಗಳೇ ಮುಚ್ತಾವಂತೆ, ನಿಜವಾ? ಹೋದ ನವೆಂಬರ್‌ನಲ್ಲಿ ಟ್ಯಾಕಲ್ ಮಾಡೋವಾಗ, ಅಂದ್ರೆ ಎದುರಾಳಿನ ಹಿಡಿದು ಬೀಳಿಸೋವಾಗ, ಒಂದ್ಸಲ ತಲೆಗೆ ತಾಗಿತ್ತು, ಪ್ರಜ್ಞೆ ತಪ್ಪಿರಲಿಲ್ಲ, ಸ್ಕ್ಯಾನ್ ನಾರ್ಮಲ್, ಹತ್ತು ದಿನಕ್ಕೆ ಮತ್ತೆ ಆಡಿದ, ಈಗ ಆರಾಮಾಗಿದಾನೆ. ನಾವು ಮನೇಲಿ ಸಸ್ಯಾಹಾರಿಗಳು, ಪ್ರೋಟೀನ್ ಪೌಡರ್ ಕೇಳ್ತಾನೆ, ಅದನ್ನೂ ಹೇಳಿ.

ಉತ್ತರ: ಮೇಡಂ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್, ಸೌತ್ ವೇಲ್ಸ್‌ನಲ್ಲಿ 17 ವರ್ಷದಿಂದ ಕೆಲಸ, ಅದ್ರಲ್ಲಿ ಹೆಚ್ಚಿನ ಕಾಲ ರಗ್ಬಿ ಹುಡುಗರ ಜೊತೆನೇ ಕಳೆದಿದೀನಿ, ಶಾಲೆ ಮಟ್ಟದಿಂದ ಹಿಡಿದು ಪ್ರೊಫೆಶನಲ್ ಟೀಮ್ ತನಕ. ನಿಮ್ಮ ಪತ್ರದಲ್ಲಿ ಇಷ್ಟೆಲ್ಲ ಪ್ರಶ್ನೆ ಇದ್ರೂ ನನ್ನ ಕಣ್ಣು ಹೋಗಿ ನಿಂತಿದ್ದು ನೀವು ಪ್ರಶ್ನೆನೇ ಮಾಡದೆ ದಾಟಿಸಿಬಿಟ್ಟ ಸಾಲಿನ ಮೇಲೆ. ಹತ್ತು ದಿನಕ್ಕೆ ಮತ್ತೆ ಆಡಿದ ಅಂದ್ರಲ್ಲ, ಅದು. ಕಾಂಟ್ರಾಕ್ಟ್ ವಿಷಯ ಆಮೇಲೆ ಮಾತಾಡೋಣ, ಮೊದಲು ಇದನ್ನ ಹೇಳಿಬಿಡ್ತೀನಿ.

ಪ್ರಜ್ಞೆ ತಪ್ಪಿಲ್ಲ ಅಂದ್ರೆ ಕನ್ಕಷನ್ (ತಲೆ ಅಲ್ಲಾಡಿ ಮೆದುಳಿಗೆ ಆಗೋ ಪೆಟ್ಟು) ಆಗಿಲ್ಲ ಅಂತ ಬಹಳ ಜನ ಅಂದ್ಕೊಂಡಿದಾರೆ, ಅದು ತಪ್ಪು. ಕನ್ಕಷನ್ ಆದವರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪೋದೇ ಇಲ್ಲ. ಸ್ಕ್ಯಾನ್ ನಾರ್ಮಲ್ ಅನ್ನೋದೂ ಅಷ್ಟೇ, ಸ್ಕ್ಯಾನ್ ಮಾಡೋದು ಒಳಗೆ ರಕ್ತ ಸೋರಿದ್ಯಾ, ಮೂಳೆ ಬಿರುಕು ಬಿಟ್ಟಿದ್ಯಾ ಅಂತ ನೋಡಕ್ಕೆ, ಕನ್ಕಷನ್ ಅದರಲ್ಲಿ ಕಾಣಲ್ಲ. ಎಳನೀರು ಒಳಗೆ ತೆಳು ಗಂಜಿ ಇರತ್ತಲ್ಲ, ಕಾಯಿನ ಜೋರಾಗಿ ಅಲ್ಲಾಡಿಸಿದ್ರೆ ಹೊರಗಡೆ ಚಿಪ್ಪು ಹಾಗೇ ಇರತ್ತೆ, ಒಳಗಡೆ ಗಂಜಿ ಕದಡಿರತ್ತೆ, ಸುಮಾರಾಗಿ ಹಾಗೆ ಅಂದ್ಕೊಳಿ. ತಲೆಗೆ ನೇರವಾಗಿ ಪೆಟ್ಟು ಬೀಳ್ಬೇಕು ಅಂತನೂ ಇಲ್ಲ, ಎದೆಗೆ ಗುದ್ದಿಸ್ಕೊಂಡು ಕುತ್ತಿಗೆ ಜೋರಾಗಿ ಹಿಂದಕ್ಕೆ ಹೋಗಿ ಬಂದ್ರೂ ಸಾಕು.

ಶಾಲೆ ಮತ್ತೆ ಊರ ಕ್ಲಬ್ ಮಟ್ಟದ ಆಟಕ್ಕೆ ಅಂತ ಬ್ರಿಟನ್‌ನಲ್ಲಿ 2023ರಲ್ಲಿ ಒಂದೇ ನಿಯಮಾವಳಿ ಬಂತು. ಅದರ ಪ್ರಕಾರ ಕನ್ಕಷನ್ ಅನುಮಾನ ಬಂದ್ರೆ ಆಗಲೇ ಆಟದಿಂದ ಹೊರಗೆ, ಮೊದಲ ಒಂದೆರಡು ದಿನ ಓದು, ಮೊಬೈಲ್ ಎಲ್ಲ ಕಮ್ಮಿ, ನಿಧಾನಕ್ಕೆ ನಡಿಗೆ, ಓಟ ಶುರು. ಸುಮ್ನೆ ಕೂತಿರೋವಾಗಲೂ ಲಕ್ಷಣ ಇಲ್ಲದೆ 14 ದಿನ ಕಳೆದ್ಮೇಲೆನೇ ಕಾಂಟ್ಯಾಕ್ಟ್ ಟ್ರೈನಿಂಗ್ (ಮೈಗೆ ಮೈ ತಾಗೋ ಅಭ್ಯಾಸ), ಮ್ಯಾಚ್ ಅಂತೂ 21ನೇ ದಿನಕ್ಕೆ ಮುಂಚೆ ಇಲ್ಲವೇ ಇಲ್ಲ. ನಿಮ್ಮ ಹುಡುಗ ಹತ್ತನೇ ದಿನಕ್ಕೆ ಆಡಿದಾನೆ. ಟಿವಿನಲ್ಲಿ ದೊಡ್ಡ ಆಟಗಾರರು ಬೇಗ ವಾಪಸ್ ಬರೋದು ನೋಡಿ ಹುಡುಗರು ಅದೇ ನಮಗೂ ಅನ್ವಯ ಅಂದ್ಕೋತಾರೆ, ಆದ್ರೆ ಅಲ್ಲಿ ದಿನಾ ಡಾಕ್ಟರ್ ನೋಡ್ತಾರೆ, ಸೀಸನ್ ಶುರುನಲ್ಲೇ ತೆಗೆದಿಟ್ಟ ಬೇಸ್‌ಲೈನ್ ಟೆಸ್ಟ್ ಜೊತೆ ಹೋಲಿಸ್ತಾರೆ, ಶಾಲೆನಲ್ಲಿ ಅದೇನೂ ಇರಲ್ಲ, ಮೇಲಾಗಿ 17ರ ಮೆದುಳು ಇನ್ನೂ ಬೆಳೀತಾ ಇರತ್ತೆ. ಮೊದಲನೇ ಪೆಟ್ಟು ಮಾಗೋ ಮುಂಚೆ ಎರಡನೇದು ಬಿದ್ರೆ ಏನಾಗತ್ತೆ ಅನ್ನೋದೇ ಇಲ್ಲಿರೋ ದೊಡ್ಡ ಭಯ, ಅಪರೂಪವಾಗಿ ಅದು ಪ್ರಾಣಕ್ಕೇ ಬರತ್ತೆ. ಆಗಿಲ್ಲ, ಪುಣ್ಯ. ಆದ್ರೆ ಅವತ್ತು ಯಾರು ಓಕೆ ಅಂದ್ರು, ಅವನೇ ಆರಾಮಾಗಿದೀನಿ ಅಂದ್ನಾ, ಅದನ್ನ ನೀವು ತಿಳ್ಕೊಳ್ಲೇಬೇಕು.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ಹುಡುಗರು ಮುಚ್ಚಿಡ್ತಾರೆ ಮೇಡಂ. ಪೆಟ್ಟು ಬಿದ್ದವನ ಹತ್ರ ನಾವು ಐದು ಪ್ರಶ್ನೆ ಕೇಳ್ತೀವಿ, ಇವತ್ತು ಯಾವ ಗ್ರೌಂಡಲ್ಲಿ ಇದೀವಿ, ಯಾವ ಹಾಫ್ ನಡೀತಿದೆ, ಕೊನೇದಾಗಿ ಸ್ಕೋರ್ ಮಾಡಿದ್ಯಾರು, ಹೋದ ಮ್ಯಾಚ್ ಯಾರ ಮೇಲೆ ಆಡಿದ್ವಿ, ಗೆದ್ವಾ ಅಂತ. ಎಷ್ಟೋ ವರ್ಷದ ಹಿಂದೆ ಒಬ್ಬ ಹುಡುಗ, 19 ಇರಬೇಕು, ಐದಕ್ಕೂ ಪಟಪಟ ಉತ್ತರ ಕೊಟ್ಟ. ನಾನು ಸರಿ ಅಂದು ತಿರುಗಿದೆ. ಆಮೇಲೆ ನೋಡ್ತೀನಿ, ಅವನು ಬೆಂಚ್ ಮೇಲೆ ಕೂತು ಕಾಲಿಗೆ ಟೇಪ್ ಸುತ್ಕೋತಿದಾನೆ, ಬೆಳಿಗ್ಗೆ ಉಳುಕಿದೆ ಅಂತ ನನ್ನ ಹತ್ರನೇ ತೋರಿಸಿದ್ದು ಎಡಗಾಲು, ಅವನು ನೀಟಾಗಿ ಸುತ್ತುತ್ತಾ ಇರೋದು ಬಲಗಾಲಿಗೆ. ಪ್ರಶ್ನೆಗಳನ್ನ ಅವನು ಮೊದಲೇ ಬಾಯಿಪಾಠ ಮಾಡಿಟ್ಕೊಂಡಿದ್ದ, ಮುಂದಿನ ವಾರ ಟೀಮ್ ಸೆಲೆಕ್ಷನ್ ಇತ್ತು ಅಂತ. ಆವತ್ತಿಂದ ನಾನು ಬಾಯಿ ಹೇಳೋದಕ್ಕಿಂತ ಕೈಕಾಲು ಏನು ಮಾಡ್ತಿದೆ ಅಂತ ಹೆಚ್ಚು ನೋಡ್ತೀನಿ. ಮನೇಲಿ ನೀವೂ ಹಾಗೇ ನೋಡ್ಬೇಕು, ಬೆಳಕಿಗೆ ಕಣ್ಣು ಕಿರಿದು ಮಾಡ್ತಾನಾ, ಒಂದೇ ಪುಟ ಎರಡೆರಡು ಸಲ ಓದ್ತಾನಾ, ಸುಮ್‌ಸುಮ್ನೆ ಸಿಡುಕ್ತಾನಾ, ನಿದ್ದೆ ಹೇಗಿದೆ. ಅಕಾಡೆಮಿ ಡಾಕ್ಟರ್‌ಗೆ ಇದೆಲ್ಲ ಕಾಣಲ್ಲ, ಅಮ್ಮನಿಗೆ ಕಾಣತ್ತೆ.

ಈಗ ನಿಮ್ಮ ಮಾವನೋರ ಮಾತು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಹಾಗಂತ ಗ್ಯಾರಂಟಿ ಅನ್ನೋ ಮಾತೂ ಸರಿ ಇಲ್ಲ. ವೇಲ್ಸ್ ಟೀಮ್ ಕ್ಯಾಪ್ಟನ್ ಆಗಿದ್ದ ರಯಾನ್ ಜೋನ್ಸ್, ದೇಶಕ್ಕೆ 75 ಮ್ಯಾಚ್ ಆಡಿದವರು, ತಮಗೆ ಡಿಮೆನ್ಷಿಯಾ, ಅದೇ ಮರೆವಿನ ಕಾಯಿಲೆ, ಶುರುವಾಗಿದೆ ಅಂತ 2022ರಲ್ಲಿ ಹೇಳ್ಕೊಂಡ್ರು, ವಯಸ್ಸು ಆಗ 41. ಅದಕ್ಕಿಂತ ಎರಡು ವರ್ಷ ಮುಂಚೆ ವೇಲ್ಸ್ ಪರ ಆಡಿದ್ದ ಅಲಿಕ್ಸ್ ಪೋಫಮ್‌ಗೆ ಅದೇ ರೋಗ ಅಂತ ಗೊತ್ತಾದಾಗ 40. ಅವರು, ಇನ್ನೂ ತುಂಬಾ ಜನ ಹಳೇ ಆಟಗಾರರು ಸೇರಿ ಈ ಆಟ ನಡೆಸೋ ಸಂಸ್ಥೆಗಳಾದ ವರ್ಲ್ಡ್ ರಗ್ಬಿ, ವೆಲ್ಷ್ ರಗ್ಬಿ ಯೂನಿಯನ್, ಇಂಗ್ಲೆಂಡ್‌ನ ಯೂನಿಯನ್ ಮೇಲೆ ಕೇಸ್ ಹಾಕಿದಾರೆ. ಇವರೆಲ್ಲ ಆಡಿದ ಕಾಲ ಬೇರೆ ಇತ್ತು. 1995ರಲ್ಲಿ ರಗ್ಬಿ ಪ್ರೊಫೆಶನಲ್ ಆಯ್ತು, ಅದುವರೆಗೆ ವಾರಕ್ಕೆ ಎರಡು ಸಂಜೆ ಪ್ರಾಕ್ಟೀಸ್ ಮಾಡ್ತಿದ್ದವರು ದಿನಾ ಬೆಳಿಗ್ಗೆಯಿಂದ ಗುದ್ದಾಡಕ್ಕೆ ಶುರು ಮಾಡಿದ್ರು, ಮೈ ದೊಡ್ಡದಾಯ್ತು, ವೇಗ ಜಾಸ್ತಿ ಆಯ್ತು, ಆದ್ರೆ ಅದರಿಂದ ತಲೆಗೆ ಏನಾಗತ್ತೆ ಅಂತ ಲೆಕ್ಕ ಇಡೋದು ಯಾರೂ ಮಾಡ್ಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅವರ ಮೆದುಳಿಗೆ ಹೆಚ್ಚು ಹಾನಿ ಮಾಡಿದ್ದು ಶನಿವಾರದ ಮ್ಯಾಚ್‌ಗಿಂತ ಮಂಗಳವಾರದ ಪ್ರಾಕ್ಟೀಸ್. ವರ್ಷಾನುಗಟ್ಟಲೆ, ಕನ್ಕಷನ್ ಅನಿಸಿಕೊಳ್ಳದ ಸಣ್ಣ ಸಣ್ಣ ಪೆಟ್ಟುಗಳು ಸೇರ್ತಾ ಹೋಗೋದು, ಸಂಶೋಧನೆಗಳೂ ಈಗ ಅದರ ಕಡೆನೇ ಹೆಚ್ಚು ಬೆರಳು ತೋರಿಸ್ತಿವೆ.

ಈಗ ಏನು ಬದಲಾಗಿದೆ? ಮ್ಯಾಚಲ್ಲಿ ಅನುಮಾನ ಬಂದ್ರೆ 12 ನಿಮಿಷ ಒಳಗೆ ಕರ್ಕೊಂಡು ಹೋಗಿ ಪರೀಕ್ಷೆ ಮಾಡೋ ಎಚ್‌ಐಎ ಇದೆ. 2024ರಿಂದ ದೊಡ್ಡ ಮಟ್ಟದ ಆಟದಲ್ಲಿ ಹಲ್ಲಿಗೆ ಹಾಕೋ ಮೌತ್‌ಗಾರ್ಡ್ ಒಳಗೇ ಸೆನ್ಸರ್ ಇರತ್ತೆ, ತಲೆ ಎಷ್ಟು ಜೋರಾಗಿ ಅಲ್ಲಾಡ್ತು ಅಂತ ಬೌಂಡರಿ ಪಕ್ಕ ಇರೋ ಡಾಕ್ಟರ್‌ಗೆ ಸಿಗ್ನಲ್ ಹೋಗತ್ತೆ. ಪ್ರಾಕ್ಟೀಸ್‌ನಲ್ಲಿ ಫುಲ್ ಕಾಂಟ್ಯಾಕ್ಟ್ ವಾರಕ್ಕೆ 15 ನಿಮಿಷ ದಾಟಬಾರದು ಅಂತ ವರ್ಲ್ಡ್ ರಗ್ಬಿ 2021ರಲ್ಲಿ ಮಾರ್ಗಸೂಚಿ ಕೊಡ್ತು. ಇದು ಮಾರ್ಗಸೂಚಿ, ಕಾನೂನಲ್ಲ, ಆದ್ರಿಂದ ಅಕಾಡೆಮಿಯವರ ಮುಂದೆ ಕೂತಾಗ ನೀವು ಕೇಳ್ಬೇಕಾದ ಮೊದಲನೇ ಪ್ರಶ್ನೆ ಸಂಬಳ ಅಲ್ಲ, ವಾರಕ್ಕೆ ಎಷ್ಟು ನಿಮಿಷ ಫುಲ್ ಕಾಂಟ್ಯಾಕ್ಟ್ ಮಾಡಿಸ್ತೀರಾ, ಅದನ್ನ ಯಾರು ಬರೆದಿಡ್ತಾರೆ ಅಂತ ಕೇಳಿ. ತಕ್ಷಣ ಉತ್ತರ ಬಂದ್ರೆ ಒಳ್ಳೆ ಲಕ್ಷಣ. ತಲೆಗೆ ಹಾಕೋ ಮೆತ್ತನೆ ಟೋಪಿ, ಸ್ಕ್ರಮ್ ಕ್ಯಾಪ್, ಕನ್ಕಷನ್ ತಡೆಯಲ್ಲ, ಕಿವಿ ಹರಿಯೋದು, ಚರ್ಮ ಕತ್ತರಿಸೋದು ತಪ್ಪತ್ತೆ ಅಷ್ಟೇ, ದುಡ್ಡು ಕೊಟ್ಟು ತಂದು ಇನ್ನು ನಿಶ್ಚಿಂತೆ ಅಂತ ಕೂರಬೇಡಿ.

ನಿಮ್ಮ ಮಗ 7ನೇ ನಂಬರ್ ಅಂದ್ರಿ, ಅದಕ್ಕೇ ಇನ್ನೊಂದು ಮಾತು. ಟ್ಯಾಕಲ್‌ನಲ್ಲಿ ಪೆಟ್ಟಾಗೋದು ಚೆಂಡು ಹಿಡ್ಕೊಂಡು ಓಡೋನಿಗೆ ಅಂತ ನೋಡೋರಿಗೆ ಅನ್ಸತ್ತೆ, ತಲೆ ವಿಷಯದಲ್ಲಿ ಹೆಚ್ಚು ಪೆಟ್ಟಾಗೋದು ಟ್ಯಾಕಲ್ ಮಾಡೋನಿಗೆ. ಟೀಮಲ್ಲಿ ಅತಿ ಹೆಚ್ಚು ಟ್ಯಾಕಲ್ ಮಾಡೋರಲ್ಲಿ ಈ ಫ್ಲ್ಯಾಂಕರ್‌ಗಳು ಮುಂದೆ ಇರ್ತಾರೆ. ಕಬಡ್ಡಿ ನೋಡಿ ಬೆಳೆದ ನಮಗೆ ಕಾಲು ಹಿಡಿಯೋದು ಗೊತ್ತು, ಇಲ್ಲಿ ವ್ಯತ್ಯಾಸ ಏನಂದ್ರೆ ಎದುರುಗಡೆಯವನು 110 ಕೆಜಿ ಇದ್ದು ಪೂರ್ತಿ ವೇಗದಲ್ಲಿ ನಿಮ್ಮ ಮೇಲೇ ಬರ್ತಿರ್ತಾನೆ. ಭುಜ ಅವನ ತೊಡೆಗೋ ಹೊಟ್ಟೆಗೋ ತಾಗ್ಬೇಕು, ನಿಮ್ಮ ತಲೆ ಅವನ ಹಿಂಭಾಗದ ಕಡೆ ಸರಿದಿರ್ಬೇಕು, ಕೆನ್ನೆ ಅವನ ಕುಂಡೆಗೆ ಅಂಟಿದ ಹಾಗೆ. ತಲೆ ಅವನ ಮುಂದುಗಡೆ ಹೋಯ್ತೋ, ಅವನ ಮಂಡಿ ನೇರ ಕಪಾಳಕ್ಕೆ. ಫೋನಲ್ಲಿ ಮಗನ ಹಳೇ ಮ್ಯಾಚ್ ವಿಡಿಯೋ ಇದ್ರೆ ನಿಧಾನ ಮಾಡಿ ನೋಡಿ, ಹತ್ತು ಟ್ಯಾಕಲ್‌ನಲ್ಲಿ ಎಷ್ಟು ಸಲ ತಲೆ ತಪ್ಪು ಕಡೆ ಇದೆ ಎಣಿಸಿ. ಮೂರು ನಾಲ್ಕು ಬಂದ್ರೆ ಅದನ್ನ ಸರಿ ಮಾಡೋ ತನಕ ಯಾವ ಕಾಂಟ್ರಾಕ್ಟೂ ಬೇಡ. ಸರಿ ಮಾಡಬಹುದು, ಒಂದು ಬೇಸಿಗೆ ಸಾಕು, ನಾನು ಕಣ್ಣಾರೆ ನೋಡಿದೀನಿ.

ಇದೇ ಜಾಗದಲ್ಲಿ ಆಡಿದ ಸ್ಯಾಮ್ ವಾರ್ಬರ್ಟನ್ ಕಥೆ ನಿಮ್ಮ ಮಗನಿಗೆ ಗೊತ್ತೇ ಇರತ್ತೆ. ಕಾರ್ಡಿಫ್‌ನ ವಿಟ್‌ಚರ್ಚ್ ಹೈಸ್ಕೂಲಲ್ಲಿ ಓದಿದ ಹುಡುಗ, ಫುಟ್‌ಬಾಲ್‌ನ ಗ್ಯಾರೆತ್ ಬೇಲ್ ಓದಿದ್ದೂ ಅದೇ ಶಾಲೆ. ವೇಲ್ಸ್‌ಗೆ 74 ಕ್ಯಾಪ್, ಅಂದ್ರೆ 74 ಅಂತಾರಾಷ್ಟ್ರೀಯ ಮ್ಯಾಚ್, ನಾಲ್ಕು ದೇಶ ಸೇರಿ ಕಟ್ಟೋ ಲಯನ್ಸ್ ಟೀಮ್‌ಗೆ 2013, 2017 ಎರಡು ಸಲ ಕ್ಯಾಪ್ಟನ್. 2018ರಲ್ಲಿ, 29ನೇ ವಯಸ್ಸಿಗೆ, ಕುತ್ತಿಗೆ ಮತ್ತೆ ಮಂಡಿ ಆಪರೇಷನ್ ಆದ್ಮೇಲೆ ಮೈ ಇನ್ನು ಮೊದಲಿನ ಹಾಗೆ ಬರಲ್ಲ ಅಂತ ನಿಲ್ಲಿಸಿಬಿಟ್ರು. ಇನ್ನೊಂದು ಕಡೆ ಅಲನ್ ವಿನ್ ಜೋನ್ಸ್ ಇದಾರೆ, 2006ರಿಂದ 2023ರ ತನಕ ವೇಲ್ಸ್‌ಗೆ 158, ಲಯನ್ಸ್‌ಗೆ 12, ಒಟ್ಟು 170 ಟೆಸ್ಟ್, ಪ್ರಪಂಚದಲ್ಲೇ ಅತಿ ಹೆಚ್ಚು. ಹಾಗಾಗಿ ಎಷ್ಟು ವರ್ಷ ದುಡೀಬಹುದು ಅಂತ ಕೇಳಿದ್ರೆ ಯಾರಿಗೂ ಒಂದು ನಂಬರ್ ಹೇಳಕ್ಕಾಗಲ್ಲ. ನನ್ನ ಅನುಭವದಲ್ಲಿ, ಮೇಲೆ ತನಕ ಹೋದವರು ಮೂವತ್ತರ ಆಸುಪಾಸು ಮುಗಿಸ್ತಾರೆ, ಆದ್ರೆ ಅಕಾಡೆಮಿಗೆ ಬಂದವರಲ್ಲಿ ತುಂಬಾ ಜನ 20, 21ಕ್ಕೇ ಹೊರಗೆ ಹೋಗ್ತಾರೆ. ಪೇಪರ್‌ನಲ್ಲಿ ಅವರ ಹೆಸರು ಬರಲ್ಲ.

ಆ ದಿನ ಹೇಗಿರತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಅಕಾಡೆಮಿ ತೋರಿಸೋ ವಿಡಿಯೋನಲ್ಲಿ ಇದು ಇರಲ್ಲ. ಸೀಸನ್ ಮುಗಿಯೋ ಹೊತ್ತಿಗೆ ಒಬ್ಬೊಬ್ಬರನ್ನೇ ಆಫೀಸ್ ರೂಮ್‌ಗೆ ಕರೀತಾರೆ, ಐದು ಹತ್ತು ನಿಮಿಷದ ಮಾತು. ಅಲ್ಲಿಂದ ಹುಡುಗ ನೇರ ಫಿಸಿಯೋ ರೂಮ್‌ಗೆ ಬರ್ತಾನೆ, ಯಾಕಂದ್ರೆ ಬೇರೆ ಎಲ್ಲೂ ಹೋಗಿ ಅಳಕ್ಕೆ ಜಾಗ ಇರಲ್ಲ. ಬೂಟು, ಟವೆಲ್, ಮೌತ್‌ಗಾರ್ಡ್ ಡಬ್ಬಿ ಎಲ್ಲಾ ಒಂದು ಕಪ್ಪು ಕಸದ ಚೀಲಕ್ಕೆ ತುಂಬ್ಕೊಂಡು, ಕಿಟ್ ಬ್ಯಾಗ್ ವಾಪಸ್ ಕೊಡ್ಬೇಕಲ್ಲ ಅದಕ್ಕೆ. ಅಮ್ಮನಿಗೆ ಹೆಂಗೆ ಹೇಳ್ಲಿ ಅಂತ ನನ್ನ ಕೇಳಿದವರು ಎಷ್ಟೋ ಜನ. ಆಗ ಕೈಯಲ್ಲಿ ಓದು ಇದ್ದವನು ಒಂದು ತಿಂಗಳು ಬೇಜಾರು ಮಾಡ್ಕೊಂಡು ಎದ್ದು ನಿಲ್ತಾನೆ. ಎ ಲೆವೆಲ್ಲೇ ಅರ್ಧಕ್ಕೆ ಬಿಟ್ಟು ಬಂದವನ ಕಷ್ಟ ನೋಡಕ್ಕಾಗಲ್ಲ. ಕನ್ಕಷನ್ ಬಗ್ಗೆ ಕೇಳೋ ಅಪ್ಪ ಅಮ್ಮಂದಿರು ಬೇಕಾದಷ್ಟಿದಾರೆ, ಈ ದಿನದ ಬಗ್ಗೆ ಮುಂಚೆನೇ ಕೇಳಿದವರನ್ನ ನಾನು ಕಂಡಿಲ್ಲ.

ಆದ್ರಿಂದ ಓದು ಬಿಡ್ಬೇಕಾ ಅನ್ನೋದಕ್ಕೆ ನನ್ನ ಉತ್ತರ ಬೇಡ, ಯಾವ ಕಾರಣಕ್ಕೂ ಬೇಡ. ಎರಡೂ ಒಟ್ಟಿಗೆ ಆಗತ್ತಾ? ಆಗತ್ತೆ, ನಿಧಾನ ಆಗತ್ತೆ. ಯಜಮಾನ್ರಿಗೆ ಜೇಮಿ ರಾಬರ್ಟ್ಸ್ ಬಗ್ಗೆ ಹೇಳಿ. ವೇಲ್ಸ್‌ಗೆ 94 ಕ್ಯಾಪ್ ಆಡಿದವರು, ಸೆಂಟರ್ ಅನ್ನೋ ಜಾಗದ ಆಟಗಾರ, ಆಡ್ತಾ ಆಡ್ತಾನೇ ಕಾರ್ಡಿಫ್ ಯೂನಿವರ್ಸಿಟಿಯಲ್ಲಿ ಮೆಡಿಸಿನ್ ಓದಿ 2013ರಲ್ಲಿ ಡಾಕ್ಟರ್ ಆದ್ರು, ಮಾಮೂಲಿಗಿಂತ ಜಾಸ್ತಿ ವರ್ಷ ಹಿಡೀತು, 2020ರಲ್ಲಿ ಕೋವಿಡ್ ಬಂದಾಗ ಆಸ್ಪತ್ರೆಗೆ ಹೋಗಿ ಸೇವೆನೂ ಮಾಡಿದ್ರು. ಅವರಿಗೂ 2008ರಲ್ಲಿ ಆಸ್ಟ್ರೇಲಿಯಾ ಮೇಲೆ ಆಡೋವಾಗ ತಲೆಬುರುಡೆ ಬಿರುಕು ಬಿಟ್ಟಿತ್ತು ಅನ್ನೋದನ್ನೂ ಮುಚ್ಚಿಡಬೇಡಿ, ಎರಡೂ ನಿಜ. ಅಲನ್ ವಿನ್ ಜೋನ್ಸ್ ಕೂಡ ಆಡ್ತಾನೇ ಸ್ವಾನ್ಸೀ ಯೂನಿವರ್ಸಿಟಿಯಲ್ಲಿ ಲಾ ಡಿಗ್ರಿ ಮುಗಿಸಿದವರು. ಆದ್ರೆ ಮೆಡಿಸಿನ್ ಜೊತೆ ಫುಲ್ ಟೈಮ್ ರಗ್ಬಿ ಅಂದ್ರೆ ಲಕ್ಷಕ್ಕೊಬ್ಬರು ಮಾಡೋ ಕೆಲಸ, ಆಸ್ಪತ್ರೆ ಪೋಸ್ಟಿಂಗ್ ಮತ್ತೆ ಬೆಳಗಿನ ಟ್ರೈನಿಂಗ್ ಒಂದಕ್ಕೊಂದು ತಾಕಲಾಡ್ತಾನೇ ಇರತ್ತೆ, ಅದನ್ನ ನೋಡ್ಕೊಂಡು ಹುಡುಗನ ಮೇಲೆ ನೀನೂ ಹಾಗೇ ಮಾಡು ಅಂತ ಹೇರಬೇಡಿ.

ನಾನು ನಿಜವಾಗಿ ಇಷ್ಟಪಡೋ ದಾರಿ ಇನ್ನೊಂದಿದೆ. ಅಕಾಡೆಮಿಗೆ ಈಗಲೇ ಫುಲ್ ಟೈಮ್ ಹೂಂ ಅನ್ನದೆ ಯೂನಿವರ್ಸಿಟಿ ಸೇರಿ ಅಲ್ಲಿಂದ ಆಡೋದು. ಏರನ್ ವೇನ್‌ರೈಟ್ ಅಂತ ವೇಲ್ಸ್‌ನ ಫ್ಲ್ಯಾಂಕರ್ ಇದಾರೆ, ಹದಿಹರೆಯದಲ್ಲಿ ಅವರು ಕಾರ್ಡಿಫ್ ಸಿಟಿ ಫುಟ್‌ಬಾಲ್ ಅಕಾಡೆಮಿಲಿದ್ದ ಹುಡುಗ, ಅಲ್ಲಿಂದ ಹೊರಗೆ ಬಂದ್ಮೇಲೆ ರಗ್ಬಿ ಹಿಡಿದ್ರು, ಕಾರ್ಡಿಫ್ ಮೆಟ್ ಯೂನಿವರ್ಸಿಟಿಲಿ ಆಡಿ 2018ರಲ್ಲಿ ವೇಲ್ಸ್ ಟೀಮ್ ಸೇರಿದ್ರು. 18ಕ್ಕೆ ಕಾಂಟ್ರಾಕ್ಟ್ ಸಿಗಲಿಲ್ಲ ಅಂದ್ರೆ ಬಸ್ ಹೋಯ್ತು ಅನ್ನೋದು ಹುಡುಗರ ತಲೇಲಿ ಯಾರೋ ತುಂಬಿದ ಮಾತು. ಮೈ ಕೂಡ 21, 22ರ ತನಕ ಬಲೀತಾ ಇರತ್ತೆ. ಇದ್ರಲ್ಲಿ ಅಪಾಯ ಇಲ್ವಾ ಅಂದ್ರೆ ಇದೆ, ಅಕಾಡೆಮಿಯವರು ಬೇರೆ ಹುಡುಗನ್ನ ನೋಡ್ಕೊಂಡು ನಿಮ್ಮವನನ್ನ ಮರೀಬಹುದು, ಯೂನಿವರ್ಸಿಟಿ ಆಟ ಸಂಜೆ ಹೊತ್ತಿಂದು, ಕೋಚಿಂಗ್ ಸಮಯ ಕಮ್ಮಿ. ಎರಡರ ಮಧ್ಯೆ ಪಾರ್ಟ್ ಟೈಮ್ ಒಪ್ಪಂದ ಸಿಗತ್ತಾ ಕೇಳಿ, ಟ್ರೈನಿಂಗ್ ಅಲ್ಲಿ, ಓದು ಇಲ್ಲಿ, ಮ್ಯಾಚ್ ಸೂಪರ್ ರಗ್ಬಿ ಕಮ್ರಿ ಕ್ಲಬ್ ಒಂದರಲ್ಲಿ. 2024ರಲ್ಲಿ 10 ಕ್ಲಬ್ ಇಟ್ಕೊಂಡು ಶುರುವಾದ ಈ ಲೀಗ್ ಇರೋದೇ ಇಂಥ ಹುಡುಗರು ಗಂಡಸರ ಜೊತೆ ಆಡಿ ಪಳಗಲಿ ಅಂತ. ಕಾಂಟ್ರಾಕ್ಟ್ ಪತ್ರಕ್ಕಿಂತ ಆ ಅನುಭವ ದೊಡ್ಡದು.

ದುಡ್ಡಿನ ವಿಷಯ. 2024-25ರ ಸೀಸನ್‌ಗೆ ಒಂದೊಂದು ರೀಜನ್‌ನ ಆಟಗಾರರ ಬಜೆಟ್ 45 ಲಕ್ಷ ಪೌಂಡ್. 45 ಜನ ಅಂತ ಇಟ್ಕೊಂಡು ಭಾಗಿಸಿದ್ರೆ ತಲೆಗೆ ಒಂದು ಲಕ್ಷ ಬರತ್ತೆ, ಕೇಳಕ್ಕೆ ಚೆನ್ನಾಗಿದೆ, ಆದ್ರೆ ಹಾಗೆ ಹಂಚಲ್ಲ. ದೇಶಕ್ಕೆ ಆಡೋ ನಾಲ್ಕೈದು ಜನ ದೊಡ್ಡ ಪಾಲು ತಗೋತಾರೆ, ಅಕಾಡೆಮಿ ಹುಡುಗನಿಗೆ ಬರೋದು ಅಪ್ಪ ಅಮ್ಮನ ಮನೇಲೇ ಊಟ ಮಾಡ್ಕೊಂಡಿದ್ರೆ ಸಾಲೋ ಅಷ್ಟು. ಒಪ್ಪಂದಗಳು ಸಾಮಾನ್ಯವಾಗಿ ಒಂದು ವರ್ಷ, ಎರಡು ವರ್ಷ. 2023ರ ಫೆಬ್ರವರಿಲಿ ಒಪ್ಪಂದಗಳು ಮುಂದಕ್ಕೆ ಹೋಗದೆ ನಿಂತಾಗ ವೇಲ್ಸ್ ಆಟಗಾರರೇ ಇಂಗ್ಲೆಂಡ್ ಮೇಲಿನ ಮ್ಯಾಚ್ ಆಡಲ್ಲ ಅಂತ ಸ್ಟ್ರೈಕ್‌ಗೆ ನಿಂತಿದ್ರು, ದೇಶಕ್ಕೆ ಆಡೋರ ಗತಿನೇ ಹಾಗಿತ್ತು, ಕೊನೆಗೆ ಮಾತುಕತೆ ಆಗಿ ಆಡಿದ್ರು. ಆಗಲೇ ಒಂದು ನಿಯಮನೂ ಸಡಿಲ ಆಯ್ತು. ವೇಲ್ಸ್ ಬಿಟ್ಟು ಇಂಗ್ಲೆಂಡ್, ಫ್ರಾನ್ಸ್ ಕ್ಲಬ್‌ಗೆ ಹೋದವನು ದೇಶಕ್ಕೆ ಆಡ್ಬೇಕು ಅಂದ್ರೆ ಮೊದಲೇ 60 ಕ್ಯಾಪ್ ಆಗಿರ್ಬೇಕಿತ್ತು, ಅದನ್ನ 25ಕ್ಕೆ ಇಳಿಸಿದ್ರು. ನಿಮ್ಮ ಮಗನಿಗೆ ಇದ್ರ ಅರ್ಥ, ಮೊದಲ ಹಲವು ವರ್ಷ ಹೆಚ್ಚು ಸಂಬಳಕ್ಕೆ ಹೊರಗೆ ಹೋದ್ರೆ ವೇಲ್ಸ್ ಟೀಮಿನ ಕೆಂಪು ಜೆರ್ಸಿ ಕನಸು ಪಕ್ಕಕ್ಕಿಡಬೇಕಾಗಬಹುದು.

ಕ್ಲಬ್ ಮುಚ್ಚೋ ವಿಷಯ ನೀವು ಕೇಳಿದ್ದು ಗಾಳಿಮಾತಲ್ಲ. 2003ರಲ್ಲಿ ಊರೂರಿನ ಹಳೇ ಕ್ಲಬ್‌ಗಳ ಮೇಲೆ ಐದು ರೀಜನ್ ಮಾಡಿದ್ರು, ಒಂದೇ ವರ್ಷಕ್ಕೆ ಕೆಲ್ಟಿಕ್ ವಾರಿಯರ್ಸ್ ಮುಚ್ಚಿ ಹೋಯ್ತು, ಉಳಿದಿದ್ದು ಕಾರ್ಡಿಫ್, ಓಸ್ಪ್ರೀಸ್, ಸ್ಕಾರ್ಲೆಟ್ಸ್, ಡ್ರ್ಯಾಗನ್ಸ್. 2025ರ ಏಪ್ರಿಲ್‌ನಲ್ಲಿ ಕಾರ್ಡಿಫ್ ಹಣಕಾಸಿನ ತೊಂದರೆಗೆ ಸಿಕ್ಕಿ ವೆಲ್ಷ್ ರಗ್ಬಿ ಯೂನಿಯನ್ನೇ ಅದನ್ನ ತಗೊಳ್ತು, ಅಕ್ಟೋಬರ್‌ನಲ್ಲಿ ನಾಲ್ಕನ್ನ ಮೂರು ಮಾಡ್ತೀವಿ ಅಂತ ಯೋಜನೆ ಪ್ರಕಟಿಸಿದ್ರು. ಮೈದಾನದಲ್ಲೂ ಕಷ್ಟದ ಕಾಲ, 2023ರ ವರ್ಲ್ಡ್ ಕಪ್‌ನಿಂದ ಶುರುವಾಗಿ ಸತತ 18 ಟೆಸ್ಟ್ ಸೋತು, 2025ರ ಜುಲೈನಲ್ಲಿ ಜಪಾನ್‌ನ ಕೋಬೆನಲ್ಲಿ ಗೆದ್ದಾಗ ಇಲ್ಲಿ ದೊಡ್ಡ ಗಂಡಸರು ಕಣ್ಣೊರೆಸಿಕೊಂಡಿದ್ದನ್ನ ನಾನು ನೋಡಿದೀನಿ. ರೀಜನ್ ಕಮ್ಮಿ ಆದ್ರೆ ಜಾಗ ಕಮ್ಮಿ, ಸ್ಪರ್ಧೆ ಜಾಸ್ತಿ. ಹಾಗಾಗಿ ಸೈನ್ ಮಾಡೋ ಮುಂಚೆ, ಈ ಸಂಸ್ಥೆ ಬೇರೆ ಒಂದರ ಜೊತೆ ಸೇರಿದ್ರೆ ಅಥವಾ ನಿಂತ್ರೆ ನನ್ನ ಮಗನ ಒಪ್ಪಂದ ಏನಾಗತ್ತೆ ಅಂತ ಬರವಣಿಗೆಯಲ್ಲಿ ಕೇಳಿ. ಜೊತೆಗೆ, ಗಾಯ ಆಗಿ ಆರು ತಿಂಗಳು ಮೀರಿ ಆಡಕ್ಕಾಗದಿದ್ರೆ ಸಂಬಳ ಎಷ್ಟು ದಿನ ಬರತ್ತೆ, ಮಂಡಿ ಒಳಗಿನ ಎಸಿಎಲ್ ಅನ್ನೋ ಕಟ್ಟು ಒಂದೇ ಹರಿದ್ರೂ ವಾಪಸ್ ಬರಕ್ಕೆ ಒಂಬತ್ತು ತಿಂಗಳ ಮೇಲೇ ಬೇಕು. ಆಟಗಾರರದ್ದೇ ಸಂಘ ಇದೆ, ವೆಲ್ಷ್ ರಗ್ಬಿ ಪ್ಲೇಯರ್ಸ್ ಅಸೋಸಿಯೇಷನ್, ಪತ್ರನ ಅವರಿಗೆ ತೋರಿಸಿ, ಏಜೆಂಟ್ ಹೇಳಿದ್ದೊಂದೇ ಕೇಳಬೇಡಿ.

ಇಂಡಿಯಾದಲ್ಲಿ ಹುಟ್ಟಿದ್ದಕ್ಕೆ ಚಿಂತೆ ಬೇಡ. ಆ ದೇಶದಲ್ಲಿ ಹುಟ್ಟಿರ್ಬೇಕು, ಇಲ್ಲಾ ಅಪ್ಪ ಅಮ್ಮ ಅಜ್ಜಿ ತಾತ ಯಾರಾದ್ರೂ ಅಲ್ಲಿ ಹುಟ್ಟಿರ್ಬೇಕು, ಇಲ್ಲಾ ಆಡೋಕ್ಕೆ ಮುಂಚಿನ 5 ವರ್ಷ ಬಿಡದೆ ಅಲ್ಲೇ ವಾಸ ಇರ್ಬೇಕು, ನಿಮ್ಮವನು 11 ವರ್ಷ ಇದಾನೆ. ಆದ್ರೆ ಇದನ್ನ ಓದ್ತಿರೋ ಬೇರೆ ಕನ್ನಡದವರಿಗೆ ಒಂದು ಮಾತು, ಡಿಪೆಂಡೆಂಟ್ ವೀಸಾದಲ್ಲಿರೋ ಮಕ್ಕಳು ವೃತ್ತಿಪರ ಕ್ರೀಡಾಪಟು ಆಗಿ ಕೆಲಸ ಮಾಡೋ ಹಾಗಿಲ್ಲ, ಐಎಲ್‌ಆರ್ (ಇಲ್ಲೇ ಖಾಯಂ ಇರೋ ಪರವಾನಗಿ) ಆಗೋ ಮುಂಚೆ ಸಂಬಳದ ಒಪ್ಪಂದಕ್ಕೆ ಸೈನ್ ಹಾಕಿಸಿ ಮನೆಯವರೆಲ್ಲರ ವೀಸಾಗೆ ತೊಂದರೆ ತಂದ್ಕೋಬೇಡಿ, ವಕೀಲರನ್ನ ಕೇಳಿ.

ಮೈಕಟ್ಟು. ಶೇನ್ ವಿಲಿಯಮ್ಸ್ ಐದು ಅಡಿ ಏಳು ಇಂಚು, ಚಿಕ್ಕೋನು ಅಂತ ಹೇಳಿಸ್ಕೊಂಡು ಬೆಳೆದವರು, ವೇಲ್ಸ್‌ಗೆ 58 ಟ್ರೈ (ಚೆಂಡನ್ನ ಎದುರಾಳಿ ಗೆರೆ ದಾಟಿಸಿ ನೆಲಕ್ಕೊತ್ತೋದು) ಹೊಡೆದ್ರು, 2008ರಲ್ಲಿ ಪ್ರಪಂಚದ ಶ್ರೇಷ್ಠ ಆಟಗಾರ ಅನಿಸ್ಕೊಂಡ್ರು. ಅವರು ವಿಂಗ್‌ನಲ್ಲಿ ಆಡ್ತಿದ್ರು ಅನ್ನೋದನ್ನ ಮರೀಬಾರದು, ಫ್ಲ್ಯಾಂಕರ್‌ಗೆ ಅಷ್ಟು ಮೈ ಸಾಲಲ್ಲ. ನಮ್ಮ ಕಡೆಯವರ ಮೂಳೆನೇ ತೆಳು ಅನ್ನೋ ಮಾತನ್ನ ನಾನು ನಂಬಲ್ಲ, ಒಳ್ಳೆ ಊಟ, ನಿದ್ದೆ, ಕುತ್ತಿಗೆ ವ್ಯಾಯಾಮ, ಇವು ನಾಲ್ಕು ವರ್ಷದಲ್ಲಿ ಎಂಥ ಹುಡುಗನ್ನೂ ಬದಲಾಯಿಸತ್ತೆ. ಸಸ್ಯಾಹಾರದಲ್ಲೂ ಆಗತ್ತೆ, ಆದ್ರೆ ಅನ್ನ ಸಾರು ಮುಖ್ಯ, ಕಾಳು ಪಕ್ಕಕ್ಕೆ ಅನ್ನೋದು ತಿರುಗ್ಬೇಕು, ಪ್ರತಿ ಊಟದಲ್ಲೂ ಹಾಲು ಮೊಸರು ಪನೀರ್ ಬೇಳೆ ಸೋಯಾ ಏನಾದ್ರೂ ಧಾರಾಳವಾಗಿ ಇರ್ಬೇಕು. ವೇ ಪ್ರೋಟೀನ್ ತಗೋಬಹುದು, ಸ್ನಾಯುಶಕ್ತಿಗೆ ಅಂತ ತಗೊಳ್ಳೋ ಕ್ರಿಯಾಟಿನ್ ಪುಡಿ ನಿಷೇಧ ಅಲ್ಲ, ಆದ್ರೆ ಡಬ್ಬಿ ಮೇಲೆ ಇನ್ಫಾರ್ಮ್ಡ್ ಸ್ಪೋರ್ಟ್ ಅನ್ನೋ ಗುರುತು ಇರ್ಬೇಕು, ಅಂದ್ರೆ ಆ ಬ್ಯಾಚ್‌ನ ನಿಷೇಧಿತ ವಸ್ತುಗಳಿಗಾಗಿ ಪರೀಕ್ಷೆ ಮಾಡಿದಾರೆ ಅಂತ, ಆ ಬ್ಯಾಚ್ ನಂಬರ್‌ನ ಫೋಟೋ ತೆಗೆದಿಟ್ಕೊಳಿ. ಡೋಪಿಂಗ್ ವಿಷಯದಲ್ಲಿ ಗೊತ್ತಿರಲಿಲ್ಲ ಅನ್ನೋದು ನಡೆಯಲ್ಲ, ಮೈಯಲ್ಲಿ ಸಿಕ್ರೆ ಅವನದೇ ಹೊಣೆ, ನಾಲ್ಕು ವರ್ಷದ ತನಕ ನಿಷೇಧ ಬೀಳತ್ತೆ. ನಮ್ಮ ಮನೆಗಳಲ್ಲಿ ಇದ್ರ ಅಪಾಯ ಎಲ್ಲಿರತ್ತೆ ಗೊತ್ತಾ, ಊರಿಂದ ಸೂಟ್‌ಕೇಸ್‌ನಲ್ಲಿ ತರೋ ಔಷಧಿಗಳಲ್ಲಿ. ಇಂಡಿಯಾದ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಇರತ್ತೆ, ಅದು ನಿಷೇಧಿತ ಪಟ್ಟೀಲಿದೆ. ಲೇಹ್ಯ, ಶಕ್ತಿ ಪುಡಿಗಳನ್ನ ಯಾರೂ ಬ್ಯಾಚ್ ಟೆಸ್ಟ್ ಮಾಡಿರಲ್ಲ. ಅಜ್ಜಿ ಪ್ರೀತಿಯಿಂದ ಕಳಿಸಿದ್ದನ್ನ ನೀವು ತಿನ್ನಿ, ಅವನಿಗೆ ಮಾತ್ರ ಬೇಡ.

ನನ್ನನ್ನ ಕೇಳಿದ್ರೆ, ನನ್ನ ಮಗ ಆಗಿದ್ರೆ ಆಡಕ್ಕೆ ಬಿಡ್ತಿದ್ದೆ. ಇಷ್ಟೆಲ್ಲ ನೋಡಿದ್ಮೇಲೂ ಹೇಳ್ತಿದೀನಿ. 17ರ ಹುಡುಗ ಚಳಿಯಲ್ಲಿ ಬೆಳಿಗ್ಗೆ ಆರಕ್ಕೆ ತಾನಾಗಿ ಏಳೋ ಒಂದು ಕೆಲಸ ಸಿಕ್ಕಿದೆ ಅಂದ್ರೆ ಅದನ್ನ ಕಿತ್ಕೊಳ್ಳೋದೂ ಒಂದು ಗಾಯನೇ. ಆದ್ರೆ ಎ ಲೆವೆಲ್ ಮುಗಿಸಿ, ಯೂನಿವರ್ಸಿಟಿ ಸೀಟ್ ಕೈಯಲ್ಲಿಟ್ಕೊಂಡು, ಬೇಕಾದ್ರೆ ಒಂದು ವರ್ಷ ಮುಂದಕ್ಕೆ ಹಾಕಿಸ್ಕೊಂಡು. ಯಜಮಾನ್ರಿಗೆ ಒಂದ್ಸಲ ಅಕಾಡೆಮಿ ಟ್ರೈನಿಂಗ್‌ಗೆ ಹೋಗಿ ಹಗ್ಗದ ಪಕ್ಕ ನಿಂತು ನೋಡಕ್ಕೆ ಹೇಳಿ, ಫೋನಲ್ಲಿ ಟೈಮರ್ ಇಟ್ಕೊಂಡು ಕಾಂಟ್ಯಾಕ್ಟ್ ಎಷ್ಟು ನಿಮಿಷ ಅಂತ ಎಣಿಸಲಿ, ಐಟಿಯವರಿಗೆ ಲೆಕ್ಕ ಸಿಕ್ರೆ ಸಮಾಧಾನ ಆಗತ್ತೆ. ಎರಡು ದೊಡ್ಡ ಕನ್ಕಷನ್ ಹತ್ತಿರ ಹತ್ತಿರ ಆದ್ರೆ, ಇಲ್ಲಾ ಸಣ್ಣ ಪೆಟ್ಟಿಗೇ ಲಕ್ಷಣ ವಾರಗಟ್ಟಲೆ ಉಳೀತಾ ಬಂದ್ರೆ, ನಿಲ್ಲಿಸೋ ಮಾತಾಡ್ತೀವಿ ಅಂತ ಮೂರೂ ಜನ ಈಗಲೇ ಒಪ್ಕೊಂಡಿರಿ, ಆದ್ಮೇಲೆ ಕೂತು ಮಾತಾಡಕ್ಕೆ ಹೋದ್ರೆ ಅವನು ಒಪ್ಪಲ್ಲ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಕಾಂಟ್ರಾಕ್ಟ್ ಸುದ್ದಿನೇ ಎತ್ತದೆ, ಅವನ ರೂಮ್‌ಗೆ ಊಟ ತಗೊಂಡು ಹೋಗಿ ನವೆಂಬರ್ ಮ್ಯಾಚ್ ಬಗ್ಗೆ ಕೇಳಿ. ಯಾವ ಕಡೆ ತಾಗ್ತು, ಆಮೇಲಿನ ಆಟ ನೆನಪಿದ್ಯಾ, ತಲೆನೋವು ಎಷ್ಟು ದಿನ ಇತ್ತು, ಅದಕ್ಕೆ ಮುಂಚೆನೂ ಯಾವತ್ತಾದ್ರೂ ಹೀಗೆ ಆಗಿ ಹೇಳದೇ ಇದ್ದಿದ್ದು ಇದ್ಯಾ. ಬೈಯಬೇಡಿ, ಬರ್ಕೊಳಿ, ತಾರೀಖು ಸಮೇತ. ಆ ಹಾಳೆನ ಅಕಾಡೆಮಿ ಡಾಕ್ಟರ್‌ಗೆ ಕೊಟ್ಟು, ಇದನ್ನ ನೋಡಿ ಬೇಸ್‌ಲೈನ್ ಟೆಸ್ಟ್ ಮಾಡಿ ಅಂತ ಹೇಳಿ. ಅದನ್ನ ಅವರು ಹೇಗೆ ಓದ್ತಾರೆ ಅಂತ ನೋಡಿ, ಆಮೇಲೆ ನನಗೆ ಬರೀರಿ.